ಐದು ಜನಕ್ಕೆ ಆರು ವಾಕಿಟಾಕಿ

ಜೋರಾಗಿ ನಡೆಯುವುದನ್ನು ಡಾಕ್ಟರು ಆರೋಗ್ಯ ಎನ್ನುತ್ತಾರೆ. ನನ್ನ ಹೆಂಡತಿ ಸುಶೀಲಾ ಅದನ್ನು ರೋಗ ಎನ್ನುತ್ತಿದ್ದಳು. ಮದುವೆಯಾದ ಮೂವತ್ತೊಂದು ವರ್ಷವೂ ನಾನು ಅವಳಿಗಿಂತ ಇಪ್ಪತ್ತು ಮಾರು ಮುಂದೆಯೇ ಇದ್ದೆ. ಬೈಲಹೊಂಗಲದ ಪೇಟೆಗೆ ಇಬ್ಬರೂ ಕೂಡಿಯೇ ಹೊರಡುತ್ತಿದ್ದೆವು. ಆದರೂ ತರಕಾರಿಯವಳು ಬಹಳ ದಿನ ನಮ್ಮನ್ನು ಒಬ್ಬರಿಗೊಬ್ಬರು ಪರಿಚಯವಿಲ್ಲದವರೆಂದೇ ತಿಳಿದಿದ್ದಳು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತಲ್ಲೇ ನಿಂತು ಅರಿವೆ ಅಳೆಯುವವನಿಗೆ ಹೊರಗೆ ಬಂದರೆ ಕಾಲು ಮಾತು ಕೇಳುವುದಿಲ್ಲ ಎಂಬುದು ನನ್ನ ಸಮರ್ಥನೆ. ಅದನ್ನೂ ನಾನು ನಡೆಯುತ್ತಲೇ ಹೇಳುತ್ತಿದ್ದುದರಿಂದ ಅವಳಿಗೆ ಅರ್ಧ ಮಾತ್ರ ಕೇಳಿಸುತ್ತಿತ್ತು.

ತಿಂಗಳಿಗೊಂದು ರವಿವಾರ ನಾವು ಮೂರು ಜೋಡಿ ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತಲು ಹೋಗುತ್ತಿದ್ದೆವು. ನಾವಿಬ್ಬರು, ಗೆಳೆಯ ಶಿವಲಿಂಗಪ್ಪ ಮತ್ತು ಅವನ ಹೆಂಡತಿ ನೀಲವ್ವ, ಇನ್ನೊಬ್ಬ ಗೆಳೆಯ ರುದ್ರಪ್ಪ ಮತ್ತು ಅವನ ಹೆಂಡತಿ ಕಸ್ತೂರಿ. ಹೋದ ವರ್ಷ ಹೂಲಿಯ ಗುಡ್ಡದಲ್ಲಿ ಸುಶೀಲಾ ಕಾಲು ಉಳುಕಿ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟಳು. ನಾನು ಎಂದಿನಂತೆ ಮುಂದೆ, ಉಳಿದವರು ನನ್ನನ್ನು ಕೂಗುತ್ತ ನನ್ನ ಹಿಂದೆ. ಅಲ್ಲಿ ಮೊಬೈಲಿಗೆ ರೇಂಜು ಇಲ್ಲ. ಒಂದೂವರೆ ತಾಸಿನ ಮೇಲೆ, ಹೆಂಡತಿಯೊಬ್ಬಳು ಜೊತೆಯಲ್ಲಿದ್ದದ್ದು ನೆನಪಾಗಿ ಹಿಂದೆ ಬಂದೆ. ಅವಳು ಬೈಯಲಿಲ್ಲ. "ನೀವು ಬರ್ತೀರಂತ ಗೊತ್ತಿತ್ರಿ. ಇವತ್ತೋ ನಾಳೆಯೋ ಅನ್ನೂದಷ್ಟ ಗೊತ್ತಿರ್ಲಿಲ್ಲ" ಎಂದಳು. ಕಾಲು ವಾರದಲ್ಲಿ ನೆಟ್ಟಗಾಯಿತು. ಆದರೆ ಮಳೆಗಾಲ ಮುಗಿಯುವುದರೊಳಗೆ ಎದೆನೋವು ಬಂದು, ಒಮ್ಮೆ ಮಾತ್ರ ಅವಳೇ ನನಗಿಂತ ಮುಂದೆ ಹೋದಳು.

ಆಮೇಲೆ ಗುಡ್ಡ ಹತ್ತುವುದು ನಿಂತಿತು. ರವಿವಾರ ಮಾತ್ರ ನಿಲ್ಲಲಿಲ್ಲ. ತಪ್ಪದೆ ಬರುತ್ತಿತ್ತು, ಬಂದರೆ ಸಂಜೆತನಕ ಏಳುತ್ತಿರಲಿಲ್ಲ. ಆರು ತಿಂಗಳು ಅದರೊಂದಿಗೆ ಕುಳಿತು ಸಾಕಾಗಿ, ಮತ್ತೆ ಹೊರಡೋಣ ಎಂದು ಶಿವಲಿಂಗಪ್ಪನ ಮನೆಗೆ ಹೋಗಿ ಹೇಳಿದೆ. ನೀಲವ್ವ ಚಹಾ ಮುಂದಿಟ್ಟು ಕರಾರು ಹಾಕಿದಳು: "ಬರ್ತೇವ್ರಿ ಅಣ್ಣಾರ. ಆದರ ಒಬ್ಬರ ತಪ್ಪಿಸಿಕೊಂಡ್ರೂ ಅದ ಕಡೀ ಸಲ. ನಿಮ್ಮ ಹಿಂದ ಓಡಿ ಓಡಿ ನನಗೂ ಸಾಕಾಗೇತಿ." ಅವಳು ಆಡಿದರೆ ಆಡಿದಳು. ಆ ರವಿವಾರಗಳು ಹೋದರೆ ನನಗೆ ಉಳಿಯುವುದು ನಮ್ಮ ಮನೆಯ ಗೋಡೆ.

ಹೀಗಾಗಿ ನಾನು ವಾಕಿಟಾಕಿ ತರಲು ಬೆಳಗಾವಿಗೆ ಹೋದೆ. ಡಬ್ಬಿಯ ಮೇಲೆ ಎಂಟು ಕಿಲೋಮೀಟರು ಎಂದು ಬರೆದಿತ್ತು. ಅಂಗಡಿಯವನು ಪ್ರಾಮಾಣಿಕ. "ಅದು ಬಯಲಾಗ್ರಿ ಕಾಕಾ, ನಡುವ ಏನೂ ಇರಬಾರದು" ಎಂದ.

"ಗುಡ್ಡ ಇದ್ರ?"

"ಒಂದು, ಒಂದೂವರೆ ಅಂತ ತಿಳೀರಿ. ಗುಡ್ಡದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತ್ರ ಅದೂ ಇಲ್ಲ."

ದೊಡ್ಡ ಸೆಟ್ಟುಗಳಿಗೆ ಸರಕಾರದ ಲೈಸೆನ್ಸು ಬೇಕಂತೆ. ಅದು ಬೇಡದ ಸಣ್ಣವು ನಮಗೆ ಸಾಕು ಎಂದ. ಐದು ಕೊಡಿ ಎಂದೆ. "ಜೋಡಿ ಒಡ್ಯಾಂಗಿಲ್ರಿ. ಆರು ಒಯ್ರಿ, ಉಳಿದದ್ದು ಮನಿಯವರಿಗೆ ಕೊಡ್ರಿ" ಎಂದ. ಹೂಂ ಎಂದು ಆರು ತಂದೆ.

ಶಿವಲಿಂಗಪ್ಪನ ಅಂಗಳದಲ್ಲಿ ತರಬೇತಿ ಕೊಟ್ಟೆ. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಒತ್ತಿದ ಮೇಲೆ ಒಂದು ಉಸಿರು ತಡೆದು ಶುರು ಮಾಡಬೇಕು, ಇಲ್ಲವಾದರೆ ಮೊದಲ ಮಾತು ನುಂಗಿಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಯಾರನ್ನು ಕರೆಯುತ್ತೀರೋ ಅವರ ಹೆಸರು ಹೇಳಬೇಕು. ಇಲ್ಲಿ ಹೆಂಗಸರು ಸೆಟ್ಟು ಕೆಳಗಿಟ್ಟರು.

"ಇವರ ಹೆಸರ ಹಿಡದು ಕರೀಬೇಕಾ? ಮದುವ್ಯಾಗ ಒಡಪು ಹಾಕಿ ಒಮ್ಮೆ ಹೇಳೇನಿ, ಜಲ್ಮಕ್ಕ ಸಾಕು" ಎಂದಳು ನೀಲವ್ವ.

ಕಸ್ತೂರಿ ಸ್ವಲ್ಪ ಸುಧಾರಣಾವಾದಿ. ಒಡಪು ಹಾಕಿಯಾದರೆ ಹೇಳುತ್ತೇನೆಂದು ಗುಂಡಿ ಒತ್ತಿದಳು: "ನವಿಲುತೀರ್ಥದ ನೀರು ಕಾಲುವ್ಯಾಗ ಚೆಂದ, ರುದ್ರಪ್ಪನವರ ಸಿಟ್ಟು ಹೊರಬಾಗಿಲದಾಗ ಚೆಂದ." ಕಾಲು ಉಳುಕಿದವರು ಅಷ್ಟುದ್ದ ಪ್ರಾಸ ಹೊಂದಿಸುತ್ತ ಕೂರಲು ಆಗುತ್ತದೆಯೇ? ಕೊನೆಗೆ ಮನೆಯಲ್ಲಿ ಕರೆಯುವಂತೆಯೇ "ರೀ" ಎಂದರೆ ಸಾಕು ಎಂದು ತೀರ್ಮಾನವಾಯಿತು. ಧ್ವನಿಯ ಮೇಲೆ ಗಂಡಂದಿರಿಗೆ ಗೊತ್ತಾಗದೇ ಇರುತ್ತದೆಯೇ ಎಂದು ನಾನೇ ಒಪ್ಪಿದೆ.

ಹೂಲಿಯ ಗುಡ್ಡಕ್ಕೇ ಹೋದೆವು. ನಾನು ಎಲ್ಲರಿಗಿಂತ ಮುಂದೆ, ನಡುವೆ ಗೆಳೆಯರಿಬ್ಬರು, ಹಿಂದೆ ಹೆಂಗಸರು. ರುದ್ರಪ್ಪನ ಹೆಬ್ಬೆರಳು ಗುಂಡಿಯ ಮೇಲೇ ಕುಳಿತಿದ್ದು ಅವನಿಗೆ ತಿಳಿದಿರಲಿಲ್ಲ. "ಶಿವಲಿಂಗ, ನಿಮ್ಮ ಬುತ್ತಿಯಾಗ ನನಗೊಂದು ರೊಟ್ಟಿ ಕೊಡಲೇ. ನಮ್ಮಾಕಿ ಬಡದವು ಚಪ್ಪಲಿ ಆಗ್ಯಾವು" ಎಂದು ಅವನು ಗುಟ್ಟಾಗಿ ಹೇಳಿದ್ದು ಐವರಿಗೂ ಕೇಳಿಸಿತು. ಬೆರಳು ಸರಿದ ಕೂಡಲೇ ಕಸ್ತೂರಿಯ ಉತ್ತರ ಬಂತು: "ಹಂಗಾರ ಕಾಲಾಗ ಹಾಕ್ಕೊಂಡ ನಡೀರಿ, ಮುಳ್ಳಾರ ತಪ್ತಾವು." ನಾನು ಒಬ್ಬನೇ ನಗುತ್ತ ಬಂಡೆ ಹತ್ತುತ್ತಿದ್ದೆ.

ಆಗ ಮತ್ತೆ ಸೆಟ್ಟು ಕರಕರ ಎಂದಿತು. "ರೀ... ಎಲ್ಲಿದ್ದೀರಿ? ನಿಂದರ್ರಿ ಒಂದೀಟು."

ಆ ಸಣ್ಣ ಸೆಟ್ಟಿನಲ್ಲಿ ಹಾಯ್ದು ಬಂದರೆ ಎಲ್ಲ ಹೆಂಗಸರದೂ ಒಂದೇ ಧ್ವನಿ. ಶಿವಲಿಂಗಪ್ಪ "ಏನ?" ಎಂದ. ರುದ್ರಪ್ಪ "ತಪ್ಪಾತು ಮಾರಾಯ್ತಿ" ಎಂದ. ಮೂರನೆಯದಾಗಿ "ಬಂದೆ, ಅಲ್ಲೇ ಕೂತಿರು" ಎಂದು ಒಬ್ಬ ಹೇಳಿದ್ದು ಕೇಳಿಸಿತು. ಅದು ನಾನು. ಹೇಳಿದ್ದಷ್ಟೇ ಅಲ್ಲ, ದಾರಿ ಬಿಟ್ಟು ಕುರುಚಲು ಗಿಡಗಳೊಳಗಿಂದ ಅಡ್ಡಹಾದಿ ಹಿಡಿದು ಇಳಿದೇಬಿಟ್ಟಿದ್ದೆ. ಕಾಲು ತಾಸಾದ ಮೇಲೆ ನೋಡಿದರೆ ನಾನು ಗುಡ್ಡದ ಇನ್ನೊಂದು ಮಗ್ಗುಲಿನ ಕೊರಕಲಿನಲ್ಲಿ ನಿಂತಿದ್ದೇನೆ. ದಾರಿಯಿಲ್ಲ. ಸೆಟ್ಟಿನಲ್ಲಿ ಬರೀ ಸುಂಯ್ ಎನ್ನುವ ಸದ್ದು. ಯಾರೂ ತಪ್ಪಿಸಿಕೊಳ್ಳಬಾರದೆಂದು ಬೆಳಗಾವಿಗೆ ಹೋಗಿ ಬಂದವನೇ ತಪ್ಪಿಸಿಕೊಂಡಿದ್ದ.

ಏದುಸಿರು ಬಿಡುತ್ತ ಒಂದು ಎತ್ತರದ ಬಂಡೆ ಹತ್ತಿ ಗುಂಡಿ ಒತ್ತಿದೆ. "ನಾನು... ತಪ್ಪಿಸಿಕೊಂಡೇನಿ."

"ಗೊತ್ತೈತ್ರಿ" ಎಂದಳು ನೀಲವ್ವ. "ನಿಮ್ಮ ಬಿಳಿ ಟೊಪ್ಪಿಗಿ ಕಾಣಾಕತ್ತೈತಿ. ಅಲ್ಲೇ ಕುಂದರ್ರಿ, ನಾವ ಬರ್ತೇವಿ."

ನಾಲ್ವರೂ ಬಂದರು. ನೀಲವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಾ ಕರದದ್ದು ನಮ್ಮವರನ್ನ. ನೀವ್ಯಾಕ ಓ ಅಂದ್ರಿ?"

"ರೂಢಿ" ಎಂದೆ.

ನೀಲವ್ವ ಸೊಂಟದ ಮೇಲಿನ ಕೈ ಇಳಿಸಿದಳು. ಆಮೇಲೆ ಶಿವಲಿಂಗಪ್ಪ, "ನಾ ಅಂತೂ ಏನ ಅಂದು ನಿಂತಲ್ಲೇ ನಿಂತಾವ. ಅವನಾರ ಓಡಿ ಬರ್ಲಿ ಬಿಡ" ಎಂದ. ಕಸ್ತೂರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ, ಆದರೆ ಕೇಳಬೇಕಾದ್ದನ್ನು ಕೇಳಲೇಬೇಕಲ್ಲ. "ಹಂಗಾರ ಇದು ಕಡೀ ಸಲ ಏನ್ರಿ ವೈನಿ?"

ನೀಲವ್ವ ಕುಳಿತು ಬುತ್ತಿಯ ಗಂಟು ಬಿಚ್ಚಿದಳು. "ಮುಂದ ಹೋಗಿ ತಪ್ಪಿಸಿಕೊಂಡಿದ್ರ ಕಡೀ ಸಲ ಆಗ್ತಿತ್ರಿ. ತಿರುಗಿ ಬರಾಕ ಹೋಗಿ ತಪ್ಪಿಸಿಕೊಂಡೀರಿ, ಮಾಫಿ. ಆದರ ಇನ್ನ ಮ್ಯಾಲ ನೀವು ಎಲ್ಲಾರಕಿಂತ ಹಿಂದ ನಡೀಬೇಕು. ಮುಂದ ನಾ ಇರ್ತೇನಿ."

ಇದಾಗಿ ಮೂರು ಗುಡ್ಡಗಳಾದವು. ಹಿಂದೆ ನಡೆಯುವುದು ಸುಲಭವೆಂದು ತಿಳಿದಿದ್ದೆ, ಅಲ್ಲ. ಹೆಜ್ಜೆಗೊಮ್ಮೆ ಕಾಲಿಗೆ ಲಗಾಮು ಹಾಕಬೇಕು. ಸಾಲದ್ದಕ್ಕೆ ದಾರಿಯುದ್ದಕ್ಕೂ ಕಾಣುವುದು ಶಿವಲಿಂಗಪ್ಪನ ಬೆನ್ನು. ಮೂರೇ ತಿಂಗಳಲ್ಲಿ ನನಗೆ ಅದು ಬೇಸರ ಬಂದಿದೆ, ಅವನಿಗೆ ಹೇಳಿಯೂ ಆಗಿದೆ. ನನ್ನ ಬೆನ್ನು ಅವನದಕ್ಕಿಂತ ಚೆಂದವೇನಲ್ಲ. ಅದನ್ನೇ ಮೂವತ್ತೊಂದು ವರ್ಷ ನೋಡುತ್ತ ಬಂದವಳು ಒಮ್ಮೆಯೂ ಹಾಗನ್ನಲಿಲ್ಲ. ಅಂದಿದ್ದರೂ ಇರಬಹುದು, ನಾನು ಇಪ್ಪತ್ತು ಮಾರು ದೂರ ಇದ್ದೆನಲ್ಲ.