ಅಳಿಯನ ಗಾಡಿ, ಮಾವನ ಕೈ, ಕಂಪನಿ ವಾರಂಟಿ

ಕೆಟ್ಟ ಗಾಡಿಯನ್ನು ಸರಿ ಮಾಡಿ ಹೆಸರು ತಗೊಂಡವರನ್ನು ನೋಡಿದ್ದೀರಿ. ಚೆನ್ನಾಗಿರೋ ಗಾಡಿಯನ್ನು ಇನ್ನೂ ಚೆನ್ನಾಗಿ ಮಾಡಿ ಕೆಟ್ಟವನಾದೋನು ನಾನೊಬ್ಬನೇ. ಇಂಥವು ನನಗೆ ತಿಂಗಳಿಗೊಂದು ಆಗುತ್ತಲೇ ಇರುತ್ತವೆ. ನಿಲ್ಲುತ್ತವೆ ಅನ್ನೋ ಆಸೆ ಬಿಟ್ಟು ಬಹಳ ದಿನವಾಯಿತು.

ದೇವರಾಜ ಮೊಹಲ್ಲಾದಲ್ಲಿ ನಲವತ್ತು ವರ್ಷದಿಂದ ನನ್ನದೊಂದು ಮೆಕ್ಯಾನಿಕ್ ಅಂಗಡಿ. ಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ, ಅಕ್ಷರ ಕಲಿತದ್ದು ಸ್ಪೇರ್ ಪಾರ್ಟ್ಸ್ ಡಬ್ಬಿ ನೋಡಿ. ಆದರೆ ಬೆಟ್ಟದ ರಸ್ತೆಯಲ್ಲಿ ಗಾಡಿ ಕೆಮ್ಮಿದರೆ ಇಲ್ಲಿ ಕೂತೇ ಯಾವ ವಾಲ್ವು ಅಂತ ಹೇಳುತ್ತಿದ್ದೆ. ಒಮ್ಮೆ ಒಬ್ಬಾತ ಸತ್ತ ಇಂಜಿನ್ನನ್ನು ಗೋಣಿಚೀಲದಲ್ಲಿ ತಂದು ಸುರಿದ. ಸಂಜೆಗೆ ಅದೇ ಇಂಜಿನ್ ಮೇಲೆ ನಂಜನಗೂಡಿಗೆ ಹೋಗಿ ದೇವರ ದರ್ಶನ ಮಾಡಿ ಬಂದ. ಸುಳ್ಳಾದರೆ ಆ ಗೋಣಿಚೀಲ ಇನ್ನೂ ನನ್ನ ಹತ್ತಿರ ಇದೆ, ಬಂದು ನೋಡಿ.

ಅಂಥ ಕೈ ಮುಟ್ಟಿದರೆ ಈಗ ಗಾಡಿಗೆ ಮೈಲಿಗೆ! ಕಂಪನಿಯವರು ವಾರಂಟಿ ಅಂತ ಒಂದು ಮಡಿ ತಂದಿಟ್ಟಿದ್ದಾರೆ. ಹೊರಗಿನವರು ಒಂದು ನಟ್ಟು ತಿರುಗಿಸಿದರೂ ಮಡಿ ಕೆಡುತ್ತದೆ.

ನಮ್ಮ ಅಳಿಯಂದಿರು ಔಷಧಿ ಕಂಪನಿಯ ರೆಪ್ಪು. ಮನೆ ಶ್ರೀರಾಂಪುರ. ಗುಂಡ್ಲುಪೇಟೆ, ಹುಣಸೂರು ಅಂತ ದಿನಾ ಊರೂರಿನ ಡಾಕ್ಟರ ಬಾಗಿಲು ಕಾಯಬೇಕು; ಗಾಡಿ ನಿಂತರೆ ಕೆಲಸ ನಿಂತಂತೆ. ಐದು ವರ್ಷ ವಾರಂಟಿ ಇರೋ ಹೊಸ ಬೈಕು ತಂದ ದಿನವೇ ಕೈಮುಗಿದರು. "ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ಐದು ವರ್ಷ ಇದನ್ನ ಮುಟ್ಬೇಡಿ."

ಒಪ್ಪಿಕೊಂಡೆ. ಒಪ್ಪಿಕೊಂಡು ಹನ್ನೊಂದು ದಿನ ತಡೆದೆ.

೧. ಇಲಿ

ಹನ್ನೆರಡನೇ ದಿನ ಅಳಿಯಂದಿರು ಊಟಕ್ಕೆ ಬಂದರು. ಬಾಗಿಲಲ್ಲಿ ಹಾರನ್ ಹೊಡೆದರೆ ಕೋಳಿಮರಿ ಕೂಗಿದ ಹಾಗಾಯಿತು. ನನ್ನಂಥವನ ಅಳಿಯನ ಗಾಡಿ ಹಿಂಗೆ ಕೂಗೋದಾ? ಅವರು ಒಳಗೆ ಅನ್ನ ಸಾರು ಮುಗಿಸಿ ಮಜ್ಜಿಗೆಗೆ ಬರುವಷ್ಟರಲ್ಲಿ ಜೋಡಿ ಹಾರನ್ ಕೂರಿಸಿಬಿಟ್ಟಿದ್ದೆ. ಮೊದಲ ಸಲ ಒತ್ತಿದಾಗ ಬೀದಿಯಲ್ಲಿದ್ದ ಮೂರು ಆಟೋದವರು ಪಕ್ಕಕ್ಕೆ ಹಾಕಿ, ಮಂತ್ರಿಗಳು ಬರ್ತಾರೆ ಅಂತ ಹತ್ತು ನಿಮಿಷ ಕಾದರು.

ಮೊದಲ ಸರ್ವಿಸ್ಸಿನ ಹಿಂದಿನ ದಿನ ಅದನ್ನು ಬಿಚ್ಚಿ ಹಳೇ ಕೋಳಿಮರಿಯನ್ನೇ ಹಾಕಿದೆ. ನನ್ನ ಕೆಲಸ ಯಾರೂ ಹಿಡಿಯೋಕಾಗಲ್ಲ ಅನ್ನೋದನ್ನು ಕಣ್ಣಾರೆ ನೋಡೋಣ ಅಂತ ಶೋರೂಮಿಗೆ ಜೊತೆಗೇ ಹೋದೆ. ಅಲ್ಲಿ ಗಾಡಿ ನೋಡಿ ಬರೆದುಕೊಳ್ಳೋಕೆ ಅಡ್ವೈಸರ್ ಅಂತ ಒಬ್ಬಳು ಹುಡುಗಿ. ನರಸೀಪುರದ ಕಡೆಯವಳು, ಮಾತು ಮೆತ್ತಗೆ, ಕಣ್ಣು ಹದ್ದಿನದು.

"ಸಾರ್, ಈ ವೈರ್ ಯಾರು ಕಟ್ ಮಾಡಿದ್ದು?"

ಅಳಿಯಂದಿರು ನನ್ನ ಕಡೆ ನೋಡದೆ ಹೇಳಿದರು, "ಇಲಿ ಮೇಡಂ. ನಮ್ ಏರಿಯಾದಲ್ಲಿ ಇಲಿ ಕಾಟ."

ಆಕೆ ಟಾರ್ಚು ಬಿಟ್ಟು ನೋಡಿದಳು. "ಕಡಿದಾದ್ಮೇಲೆ ಇಲಿ ಟೇಪೂ ಸುತ್ತಿದೆಯಲ್ಲ ಸಾರ್."

"ಎಷ್ಟು ನೀಟಾಗಿ ಸುತ್ತಿದೆ ನೋಡಮ್ಮ!" ಅಂದೆ ನಾನು.

ವೈರಿಂಗಿನ ವಾರಂಟಿ ಅಲ್ಲೇ ಹೋಯಿತು. ಇಲಿಯ ವಯಸ್ಸು ಅರವತ್ತೆಂಟು ಅಂತ ಆಕೆಗೆ ಗೊತ್ತಾಗಿಬಿಟ್ಟಿತು.

೨. ಅಮ್ಮನವರು ಕಾಪಾಡಿದ್ದು

ಮಗಳು ಒಂದು ತಿಂಗಳು ಮಾತು ಬಿಟ್ಟಳು. ಆಮೇಲೆ ಅಳಿಯಂದಿರು ಗುಂಡ್ಲುಪೇಟೆ ರಸ್ತೆಯಲ್ಲಿ ಮಂಜು ಜಾಸ್ತಿ, ದಾರಿ ಕಾಣಲ್ಲ ಅಂತ ಬಾಯಿ ತಪ್ಪಿ ಅಂದರು. ನನ್ನ ಮುಂದೆ ಅಂಥ ಮಾತು ಆಡಬಹುದಾ? ಮುಂದಿನ ಪ್ಲಾಸ್ಟಿಕ್ಕಿಗೆ ನಾಲ್ಕು ತೂತು ಕೊರೆದು ಎರಡು ಮಂಜಿನ ಲೈಟು ಹಾಕಿದೆ. ಪರೀಕ್ಷೆಗೆ ಸಂಜೆ ಒಂದು ಸಲ ಉರಿಸಿದರೆ, ಎದುರುಮನೆಯ ಅಜ್ಜಿ ಬೆಳಗಾಯಿತು ಅಂತ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟರು.

ಸರ್ವಿಸ್ ಬಂತು. ಲೈಟು ಬಿಚ್ಚಬಹುದು, ತೂತು ಎಲ್ಲಿ ಬಚ್ಚಿಡೋದು? ಯೋಚನೆ ಮಾಡಿ ಚಾಮುಂಡಮ್ಮನ ದೊಡ್ಡ ಸ್ಟಿಕ್ಕರ್ ತಂದು ಅದರ ಮೇಲೆ ಅಂಟಿಸಿದೆ. ಮೈಸೂರಲ್ಲಿ ಆ ಸ್ಟಿಕ್ಕರ್ ಕಿತ್ತು ನೋಡೋ ಧೈರ್ಯ ಯಾರಿಗಿದೆ? ಅಡ್ವೈಸರ್ ಹುಡುಗಿ ಬಗ್ಗಿ ನೋಡಿದಳು, ಮುಟ್ಟಿ ಕಣ್ಣಿಗೊತ್ತಿಕೊಂಡಳು, ಮುಂದಕ್ಕೆ ಹೋದಳು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಆಮೇಲೆ ಗಾಡಿಯನ್ನು ನೀರು ಹೊಡೆಯೋಕೆ ಒಯ್ದರು. ಆ ಪೈಪಿನ ರಭಸ ನಿಮಗೆ ಗೊತ್ತಲ್ಲ.

ಅರ್ಧ ಗಂಟೆಗೆ ಆಕೆ ಹೊರಗೆ ಬಂದು ಮೆತ್ತಗೆ ಹೇಳಿದಳು. "ತಾತ, ಅಮ್ಮನವರು ಬೆಟ್ಟಕ್ಕೆ ವಾಪಸ್ ಹೋದ್ರು. ನಿಮಗೆ ನಾಲ್ಕು ತೂತು ಬುಟ್ಟೋಗವ್ರೆ."

೩. ಸುಣ್ಣ

ಇದು ಅಳಿಯಂದಿರದಲ್ಲ, ಊರಿನ ಹುಡುಗರದು. ಅವರಿಗೆ ಗಾಡಿ ತಂದ ಮಾರನೇ ದಿನವೇ ಹ್ಯಾಂಡಲ್ ಬೇರೆ, ಕನ್ನಡಿ ಬೇರೆ, ಸೈಲೆನ್ಸರ್ ಬೇರೆ ಆಗಬೇಕು. ಸರ್ವಿಸ್ ದಿನ ಬಂತೋ, ಬೆಳಿಗ್ಗೆ ಆರಕ್ಕೇ ನನ್ನ ಅಂಗಡಿ ಮುಂದೆ ಸಾಲು. ಹಾಕಿದ್ದೆಲ್ಲ ಬಿಚ್ಚಿ, ನಮ್ಮ ಅಟ್ಟದ ಮೇಲೆ ಇಟ್ಟಿರೋ ಕಂಪನಿ ಸಾಮಾನು ಇಳಿಸಿ ಹಾಕಬೇಕು. ಶೋರೂಮಿಂದ ಬಂದ ಮೇಲೆ ಕಂಪನೀದು ಬಿಚ್ಚಿ ಮತ್ತೆ ಅವರದ್ದು ಹಾಕಬೇಕು. ಸೈಲೆನ್ಸರ್ ಬದಲಾಯಿಸೋಕೆ ನನಗೆ ನಾಲ್ಕು ನಿಮಿಷ. ಅದರಲ್ಲಿ ಒಂದು ನಿಮಿಷ ಎಲೆ ಅಡಿಕೆಗೆ.

ಹಂಗಿದ್ದರೂ ಒಂದೇ ವಾರದಲ್ಲಿ ಐದು ಹುಡುಗರ ವಾರಂಟಿ ಹೋಯಿತು. ವಿಜಯನಗರದವನೊಬ್ಬ ಅಳೋ ಮುಖ ಮಾಡಿಕೊಂಡು ಬಂದ. "ತಾತ, ಎಲ್ಲಾ ಒರಿಜಿನಲ್ಲೇ ಇತ್ತು. ಆದ್ರೂ ನೋಡಿದ ತಕ್ಷಣ ಹೊರಗಡೆ ಬಿಚ್ಚಿದ್ದಾರೆ ಅಂದ್ಬುಟ್ರು. ಎಂಗ್ ಗೊತ್ತಾಯ್ತು?"

ನನಗೂ ತಿಳಿಯಲಿಲ್ಲ. ಮುಂದಿನ ಸಲ ಅಳಿಯಂದಿರ ಜೊತೆ ಹೋದಾಗ ಆ ಹುಡುಗಿಯನ್ನೇ ಕೇಳಿದೆ.

"ನೀವು ಬಿಗಿ ಮಾಡಿದ ಬೋಲ್ಟಿಗೆಲ್ಲ ಒಂದು ಚುಕ್ಕೆ ಸುಣ್ಣ ಇಡ್ತೀರಲ್ಲ ತಾತ?"

ಇಡುತ್ತೇನೆ. ಬಿಗಿ ಮಾಡಿದ್ದು ಯಾವುದು, ಬಿಟ್ಟದ್ದು ಯಾವುದು ಅಂತ ತಿಳಿಯಬೇಕಲ್ಲ. ಎಲೆಗೆ ಹಚ್ಚಿದ ಬೆರಳಲ್ಲೇ ಬೋಲ್ಟಿಗೂ ಒಂದು. ನಲವತ್ತು ವರ್ಷದ ಅಭ್ಯಾಸ, ಕೈ ತಾನಾಗೇ ಹೋಗುತ್ತದೆ.

"ನಾವೀಗ ಕಾರ್ಡಿನಲ್ಲಿ ಬೇರೆ ಏನೂ ಬರೆಯಲ್ಲ," ಅಂದಳು. "'ಸುಣ್ಣ' ಅಂತ ಬರೆದ್ರೆ ವಾರಂಟಿ ಇಲ್ಲ ಅಂತ ಎಲ್ಲಾರ್ಗೂ ಅರ್ಥ ಆಗುತ್ತೆ."

ಎಷ್ಟೋ ದೊಡ್ಡ ದೊಡ್ಡ ಮೆಕ್ಯಾನಿಕ್ಕುಗಳು ಈ ಊರಲ್ಲಿದ್ದಾರೆ. ಕಂಪನಿ ಕಾಗದದಲ್ಲಿ ರುಜು ಇರೋದು ನನ್ನೊಬ್ಬನದೇ.

೪. ಹಬ್ಬದ ಉಡುಗೊರೆ

ಬೇರೆ ಮಾವಂದಿರು ಹಬ್ಬಕ್ಕೆ ಅಳಿಯನಿಗೆ ಪಂಚೆ ಶರ್ಟು ಕೊಡುತ್ತಾರೆ. ನಾನು ದಸರೆಗೆ ಸೈಲೆನ್ಸರ್ ಕೊಟ್ಟೆ. ಅಳಿಯಂದಿರು ಬೇಡ ಅನ್ನೋಕೆ ಬಾಯಿ ತೆಗೆದರು, ಅಷ್ಟರಲ್ಲಿ ಹಾಕಿಯಾಗಿತ್ತು. ಅದರ ಸದ್ದಿಗೆ ಅರಮನೆ ಹತ್ತಿರ ನಿಂತಿದ್ದ ಆನೆಯೊಂದು ತಿರುಗಿ ನೋಡಿ ಸೊಂಡಿಲೆತ್ತಿತು ಅಂತ ಮಾವುತನೇ ಹೇಳಿದ್ದಾನೆ.

ಹಬ್ಬ ಮುಗಿದ ಆರನೇ ದಿನ ಹುಣಸೂರು ರಸ್ತೆಯಲ್ಲಿ ಇಂಜಿನ್ ಜಾಮ್ ಆಗಿ ಗಾಡಿ ನಿಂತುಹೋಯಿತು. ಗಾಡಿಯನ್ನು ಟೆಂಪೋದಲ್ಲಿ ಹಾಕಿ ತಂದರು. ಕಿವಿಯಿಟ್ಟು ನೋಡಿದೆ. ಆಯಿಲ್ ಪಂಪು. ಹುಟ್ಟುತ್ತಲೇ ಬಂದ ರೋಗ, ತಪ್ಪು ಪೂರಾ ಕಂಪನೀದು, ನನ್ನದು ಎಳ್ಳಷ್ಟೂ ಇಲ್ಲ. ಮಗಳು ಫೋನು ಮಾಡಿದಳು. "ಅಪ್ಪ, ಇಂಜಿನ್ ವಾರಂಟಿ ಒಂದೇ ಉಳಿದಿರೋದು. ಅದೂ ಹೋದ್ರೆ ಹೊಸ ಇಂಜಿನ್ ಹಾಕ್ಸೋ ಶಕ್ತಿ ನಮಗಿಲ್ಲ. ಇವರ ಕೆಲಸಾನೂ ಹೋಗುತ್ತೆ. ದಯವಿಟ್ಟು ನಿನ್ನ ಬಾಯಿ ಮುಚ್ಕೊಂಡಿರಪ್ಪ."

ಈ ಸಲ ಸುಣ್ಣದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟೆ. ಅಟ್ಟದಿಂದ ಕಂಪನಿ ಸೈಲೆನ್ಸರ್ ಇಳಿಸಿ, ಧೂಳು ಹೋಗಲಿ ಅಂತ ಪೆಟ್ರೋಲಲ್ಲಿ ಉಜ್ಜಿ ತೊಳೆದು ಫಳಫಳ ಮಾಡಿ ಹಾಕಿದೆ. ಹುಟ್ಟಿಸಿದವನು ಬಂದು ನೋಡಿದರೂ ಗೊತ್ತಾಗುತ್ತಿರಲಿಲ್ಲ.

ಶೋರೂಮಿನಲ್ಲಿ ಹುಡುಗಿ ಸುತ್ತು ಬಂದಳು. ಬೋಲ್ಟು ನೋಡಿದಳು, ಸುಣ್ಣ ಇಲ್ಲ. "ಇಂಜಿನ್ ಕಂಪ್ಲೇಂಟು ನಮ್ಮದೇ ಸಾರ್, ವಾರಂಟೀಲಿ ಆಗುತ್ತೆ," ಅಂದಳು. ಅಳಿಯಂದಿರು ಉಸಿರು ಬಿಟ್ಟರು. ಆಕೆ ಇನ್ನೊಂದು ಸಲ ಬಗ್ಗಿ ನೋಡಿ, ನಿಂತುಬಿಟ್ಟಳು.

"ತಾತ, ಆಯುಧಪೂಜೆಗೆ ಟ್ಯಾಂಕಿಗೆ ವಿಭೂತಿ ಇಟ್ಟಿದ್ದೀರಿ, ಎರಡು ಚಕ್ರಕ್ಕೂ ಇಟ್ಟಿದ್ದೀರಿ, ಚೈನ್ ಕವರಿಗೂ ಕುಂಕುಮ ಇದೆ. ಸೈಲೆನ್ಸರಿಗೆ ಮಾತ್ರ ಯಾಕಿಲ್ಲ? ಹಬ್ಬದ ದಿನ ಇದು ಎಲ್ಲಿತ್ತು?"

ಅಳಿಯಂದಿರು ನನ್ನ ಕಾಲು ತುಳಿದರು. ಆದರೆ ನೀವೇ ಹೇಳಿ, ನಲವತ್ತು ವರ್ಷದಿಂದ ಒಂದು ಸ್ಪಾನರಿಗೂ ಪೂಜೆ ತಪ್ಪಿಸದವನು ನಾನು. ಇಂಥ ಮಾತು ಕೇಳಿಕೊಂಡು ಸುಮ್ಮನಿರಬೇಕಾ?

"ಏನಮ್ಮಾ ಹಂಗಂದ್ರೆ? ಇಲ್ಲದೇ ಏನು! ನಮ್ಮ ಅಟ್ಟದ ಮೇಲೆ ಇರೋ ಇಪ್ಪತ್ನಾಲ್ಕು ಸೈಲೆನ್ಸರಿಗೂ ಕುಂಕುಮ ಇಟ್ಟು, ಹೂ ಹಾಕಿ, ಕರ್ಪೂರ ಬೆಳಗಿದ್ದೀನಿ. ಅದರಲ್ಲಿ ಇದೂ ಒಂದು!"

ಅಳಿಯಂದಿರು ಅಲ್ಲೇ ಕುರ್ಚಿಯಲ್ಲಿ ಕುಸಿದರು. ಗಾಜಿನ ಹಿಂದೆ ಕೂತಿದ್ದ ಮ್ಯಾನೇಜರ್ರಿಗೆ ಕೇಳಿಸಿದ್ದು ಇಪ್ಪತ್ನಾಲ್ಕು ಸೈಲೆನ್ಸರ್ ಅನ್ನೋದಷ್ಟೇ; ಎದ್ದು ಬಂದರು. "ಇಪ್ಪತ್ನಾಲ್ಕಾ? ಯಾವ್ಯಾವ ಗಾಡೀದು ಯಜಮಾನ್ರೇ? ಪಾಪ, ಈ ವಯಸ್ಸಲ್ಲಿ ನಿಮಗೆಲ್ಲಿ ನೆನಪಿರುತ್ತೆ ಬಿಡಿ."

ನನಗೆ ನೆನಪಿಲ್ಲವೇ? ನಿಂತ ನಿಲುವಿನಲ್ಲೇ ಇಪ್ಪತ್ನಾಲ್ಕೂ ಗಾಡಿ ನಂಬರನ್ನು ಬಣ್ಣದ ಸಮೇತ ಹೇಳಿದೆ. ಹುಡುಗಿ ಬರೆದುಕೊಳ್ಳುತ್ತಾ ಹೋದಳು. "ಓದಮ್ಮ," ಅಂದರು ಮ್ಯಾನೇಜರ್ರು. ಆಕೆ ಒಂದು ಸಲ ಕುರ್ಚಿಯಲ್ಲಿ ಕುಸಿದಿದ್ದ ಅಳಿಯಂದಿರ ಮುಖ ನೋಡಿ, ಆಮೇಲೆ ನಿಧಾನವಾಗಿ ಓದಿದಳು. ಒಂದು ಅಂಕಿಯೂ ತಪ್ಪಿರಲಿಲ್ಲ. ಮ್ಯಾನೇಜರ್ರು ತಲೆದೂಗಿ ಹೊರಟರು.

ಆದರೆ ನಾನು ಬೆರಳು ಮಡಿಸಿ ಎಣಿಸುತ್ತಿದ್ದೆ. ಇಪ್ಪತ್ಮೂರೇ ಆಯಿತು. ಅಷ್ಟು ಜನರ ಮುಂದೆ ನನ್ನ ಲೆಕ್ಕ ತಪ್ಪು ಅಂತಾಗಬಾರದಲ್ಲ.

"ತಡೀರಿ ಸಾರ್," ಅಂತ ಕೂಗಿದೆ. "ಒಂದು ಬಿಟ್ಬುಟ್ಟಿದ್ದೀಯಲ್ಲಮ್ಮ. ನಮ್ಮ ಅಳಿಯಂದಿರದು!"