ನಾಲ್ಕನೇ ಹಾಸಿಗಿ ಪೇಷಂಟು

ಫಕ್ಕೀರವ್ವ ಅವತ್ತು ಮಾಡಿದ ತಪ್ಪು ಒಂದ. ಹಾಡಹಗಲ ಬೀದಿ ಬಾಗಿಲಾ ಹಾಕಿ ಮಲಗಿದ್ಲು.

ಶಿಗ್ಗಾಂವಿಯ ಆ ಓಣ್ಯಾಗ ಹಗಲ ಬಾಗಿಲಾ ಹಾಕ್ಯಾರಂದ್ರ ಒಳಗ ಜಗಳ ಇರಬೇಕು, ಇಲ್ಲಾ ಜಡ್ಡಿರಬೇಕು. ಫಕ್ಕೀರವ್ವ ಒಬ್ಬಾಕೀನ ಇರಾಕಿ, ಜಗಳಕ್ಕ ಇನ್ನೊಬ್ರಿಲ್ಲ. ಅಂದಮ್ಯಾಲ ಜಡ್ಡ!

ಖರೇ ಅಂದ್ರ ಆಕಿಗೆ ಬೇಕಾಗಿದ್ದು ನಿದ್ದಿ. ಕಾಳಿನ ವ್ಯಾಪಾರಸ್ಥರು ಕೂಡಿ ನಡಸ್ತಿದ್ದ ಎಂಟು ಹಾಸಿಗಿ ದವಾಖಾನ್ಯಾಗ ಇದ್ದವ್ರ ಇಬ್ಬರು ನರ್ಸಬಾಯಾರು. ಅದ್ರಾಗ ಅಖ್ತರುನ್ನೀಸಾ ಬಾಣಂತನಕ್ಕ ಸವಣೂರಿಗೆ ಹೋಗಿ ಇಪ್ಪತ್ತು ದಿನ ಆಗಿತ್ತು. ಅವತ್ತಿಂದ ಹಗಲ ಪಾಳಿನೂ ಫಕ್ಕೀರವ್ವಂದ, ರಾತ್ರಿ ಪಾಳಿನೂ ಆಕಿದ. ಜಾಸ್ತಿ ಪಾಳಿಗೆ ಎಂಟಾಣೆ. ಯುದ್ಧದ ತುಟ್ಟಿ ಕಾಲ, ಎಂಟಾಣೆ ಬಿಡಾಕ ಮನಸ್ಸು ಹೆಂಗ ಬಂದೀತು? ಆದ್ರ ಅವತ್ತು ನಸುಕಿನ್ಯಾಗ ತೂಕಡಿಸ್ಕೋತ ಪೇಷಂಟಿಗೆ ಕುಡಿಸೋ ಔಡಲೆಣ್ಣಿ ತಾನ ಕುಡದುಬಿಟ್ಲು. ದವಾಖಾನ್ಯಾಗ ಉಳದಿದ್ದ ಕಡೀ ಪೇಷಂಟು ಅವ. ಅದನ್ನ ನೋಡಿ ಗಾಬರಿಯಾಗಿ, ಆರಾಮಾಗೇನಿ ಅಂತ ಮನಿಗೆ ಹೋದ.

"ಹಾಸಿಗಿ ಎಲ್ಲಾ ಖಾಲಿ ಅವ. ಇವತ್ತ ಎರಡೂ ಪಾಳಿ ರಜಾ ತಗೊವಾ. ಎಂಟಾಣೆ ಮಾತ್ರ ಸಿಗೂದಿಲ್ಲ" ಅಂದ್ರು ನರಸಿಂಹ ಡಾಕ್ಟ್ರು.

"ಹೋದ್ರ ಹೋಗ್ಲಿ ಬಿಡ್ರಿ!" ಅಂದು ಮನಿಗೆ ಬಂದು ತಲಿ ದಿಂಬಿಗೆ ಇಟ್ಟಿದ್ಲೋ ಇಲ್ಲೋ, ಕಿಡಕ್ಯಾಗ ಬಾಜೂ ಮನಿ ಗೋಪಿಕಾಬಾಯಿ ಮಾರಿ.

"ನರ್ಸಬಾಯಿ! ಏನಾಗೇದ್ರೀ?"

"ಏನಿಲ್ರಿ ಬಾಯಾರ, ನಿದ್ದಿ ಬಂದೈತಿ."

"ಹಗಲ ಹತ್ತಕ್ಕ ನಿದ್ದಿ? ಅಯ್ಯ, ಅದು ಜ್ವರದ್ದ ಲಕ್ಷಣ! ಬಾಗಿಲಾ ತಗೀರಿ ಮೊದಲ!"

ತಗದ್ಲು. ಗೋಪಿಕಾಬಾಯಿ ಹಿಂದ ಎದುರು ಮನಿ ರಮಜಾನಬಿ, ಆಕಿ ಹಿಂದ ಅರ್ಧ ಓಣಿ.

"ಜ್ವರದಾಗ ಹಗಲ ಮಲಗಾಕ ಬಿಡಬಾರ್ದು. ನೆತ್ತಿಗೇರ್ತೈತಿ" ಅಂದ್ಲು ರಮಜಾನಬಿ. "ನಮ್ಮ ಅತ್ತಿಗೆ ಜಡ್ಡಾದಾಗ, ಪಾಳಿ ಹಚ್ಚಿ ಕುಂತು ನೋಡಿಕೊಳ್ರಿ ಅಂತ ಈ ನರ್ಸಬಾಯಾರ ಹೇಳಿದ್ರು. ಈಗ ನಾವೂ ಪಾಳಿ ಹಚ್ಚೋಣು!"

ತಾಸಿಗೊಬ್ರಂಗ ಪಾಳಿ ಹಚ್ಚಿದ್ರು. ಫಕ್ಕೀರವ್ವನ ರೆಪ್ಪಿ ಮುಚ್ಚಿದ್ರ ಸಾಕು, ಹುಣಸಿ ಗಿಡ ಝಾಡಿಸಿದಂಗ ಭುಜಾ ಹಿಡದು ಝಾಡಸ್ತಿದ್ರು. ಒಬ್ಬಾಕಿ ಹಣಿಗೆ ಸುಂಠಿ ತೇದು ಹಚ್ಚಿದ್ಲು, ಇನ್ನೊಬ್ಬಾಕಿ ಪಾದಕ್ಕ ಉಳ್ಳಾಗಡ್ಡಿ ತಿಕ್ಕಿದ್ಲು. ಇಷ್ಟು ಮಂದಿ ಮಾತಾಡಿಸಾಕ ಬಂದಮ್ಯಾಲ ಚಾ ಆಗಬೇಕಲ್ಲ? ಮನಿಯಾಕಿ ಎದ್ದು ಮಾಡಿದ್ಲು. ಮೂರು ಗಂಟೆ ಅನ್ನೂದ್ರಾಗ ತಿಂಗಳ ರೇಷನ್ ಸಕ್ರಿ ಖಾಲಿ.

"ಬಾಯಾರ, ನನಗ ಜ್ವರ ಇಲ್ರಿ. ನಿದ್ದಿಗೆಟ್ಟು ಇಪ್ಪತ್ತು ದಿನ ಆತು."

"ಪಾಪ, ಬಡಬಡಸ್ಲಿಕ್ಕೆ ಹತ್ಯಾರ!" ಅಂತ ಗೋಪಿಕಾಬಾಯಿ ಕಣ್ಣೊರಿಸ್ಕೊಂಡ್ಲು.

ಆವಾಗ ಫಕ್ಕೀರವ್ವಗ ಒಂದು ಹಂಚಿಕಿ ಹೊಳೀತು. ದವಾಖಾನ್ಯಾಗ ಮಂದಿನ್ನ ಒಳಗ ಬಿಡೂ ಹಂಗಿಲ್ಲ. ಬಾಗಿಲದಾಗ ನಿಂತು ದಿನಾ ಬಡಿದೋಡ್ಸಾಕಿ ಆಕೀನ ಅಲ್ಲೇನು! ಹೊಟ್ಟಿ ಹಿಡ್ಕೊಂಡು ಚೀರಿದ್ಲು: "ಅಯ್ಯಯ್ಯೋ ಅವ್ವಾ! ನನ್ನ ದವಾಖಾನಿಗೆ ಒಯ್ರ್ಯೋ!"

ಓಣಿ ತುದಿ ಮನಿ ಕರಬಸಪ್ಪ ಚಕ್ಕಡಿ ಹೂಡಿದ. ಓಣಿ ಪೂರಾ ಚಕ್ಕಡಿ ಹಿಂದ ಹೊಂಟಿತು.

ಡಾಕ್ಟ್ರು ಮಂದಿನ್ನೆಲ್ಲಾ ಹೊರಗ ಹಾಕಿ ಬಾಗಿಲಾ ಮುಚ್ಚಿದ್ಕೂಡ್ಲೆ ಫಕ್ಕೀರವ್ವ ಕೈ ಮುಗದ್ಲು. "ಸಾಹೇಬ್ರ, ನನಗೇನೂ ಆಗಿಲ್ರಿ. ಮಲಗಾಕ ಒಂದೀಟು ಜಾಗಾ ಕೊಡ್ರಿ ಸಾಕು."

"ಭರ್ತಿ ಮಾಡ್ಕೊಳ್ದ ಹಾಸಿಗಿ ಕೊಡ್ಲಿಕ್ಕೆ ಬರೂದಿಲ್ಲವಾ. ತಡೀ, ಬರೀತೀನಿ" ಅಂದು ಡಾಕ್ಟ್ರು ಬರದ್ರು: ನಾಲ್ಕನೇ ಹಾಸಿಗಿ. ಫಕ್ಕೀರವ್ವ. ಪೂರ್ತಿ ವಿಶ್ರಾಂತಿ.

ಎಂಥಾ ಡಾಕ್ಟ್ರು, ದೇವರಂಥವ್ರು! ಫಕ್ಕೀರವ್ವ ಹಾಸಿಗ್ಯಾಗ ಬಿದ್ಲು. ಕಣ್ಣು ಮುಚ್ಚಿದ್ವು. ನಾಲ್ಕು ನಿಮಿಷಕ್ಕ ಯಾರೋ ಭುಜಾ ಝಾಡಿಸಿದ್ರು. ನೋಡ್ತಾಳ, ಡಾಕ್ಟ್ರು ಆಕಿದ ಬಿಳೀ ಟೊಪಗಿ ಹಿಡ್ಕೊಂಡು ನಿಂತಾರ.

"ಏಳವಾ. ಪೇಷಂಟ್ ಭರ್ತಿ ಆಗೇದ."

"ಯಾವ ಪೇಷಂಟ್ರಿ?"

"ನಾಲ್ಕನೇ ಹಾಸಿಗಿದು. ಪೇಷಂಟ್ ಇದ್ದಾಗ ನರ್ಸ್ ಇಲ್ಲಂದ್ರ ವ್ಯಾಪಾರಸ್ಥರು ನನ್ನ ನೌಕರಿ ತಗೀತಾರ. ಇರೂ ನರ್ಸ್ ನೀ ಒಬ್ಬಾಕೀನ."

"ನಾಲ್ಕನೇ ಹಾಸಿಗಿ ಅಂದ್ರ ನಾನ ಅಲ್ಲೇನ್ರೀ!"

"ಅದಕ್ಕ ಹೇಳ್ತೀನಿ, ಪೇಷಂಟ್ ಬಗ್ಗೆ ನಿನಗ ಎಲ್ಲಾ ಗೊತ್ತದ. ಬೆಳತನಕಾ ಎಚ್ಚರಿದ್ದು ಎರಡೆರಡು ತಾಸಿಗೆ ತಾಪ ಬರೀ."

ಫಕ್ಕೀರವ್ವ ಟೊಪಗಿ ಇಟ್ಕೊಂಡ್ಲು. "ಹಂಗಾದ್ರ ಜಾಸ್ತಿ ಪಾಳಿ ಎಂಟಾಣೆ ಆದ್ರೂ ಹಚ್ರಿ."

ಡಾಕ್ಟ್ರು ಖರೇನ ವಿಚಾರ ಮಾಡಿದ್ರು. "ಇವತ್ತ ನಿನ್ನ ಹೆಸರು ಪೇಷಂಟ್ ಪುಸ್ತಕದಾಗ ಅದಲ್ಲವಾ. ಪೇಷಂಟಿಗೆ ಯಾರು ಪಗಾರ ಕೊಡ್ತಾರ?"

ಸಂಜಿ ಆರಕ್ಕ ನರ್ಸಬಾಯಿ ಸ್ಟೂಲಿನ ಮ್ಯಾಲ ಕುಂತು, ತನ್ನ ಬಾಯಾಗ ಥರ್ಮಾಮೀಟರ್ ಇಟ್ಕೊಂಡು ಬರದ್ಲು: ತಾಪ ಇಲ್ಲ. ಪೇಷಂಟಿಗೆ ನಿದ್ದಿ ಬಂದಿಲ್ಲ.