ಗುಡಿ ಮುಂದೆ ಹೂಂಗುಟ್ಟುವ ಕಾರು

ಬೇರೆಯವರ ಕಾರು ಹಳೆಯದಾದರೆ ಗ್ಯಾರೇಜಿಗೆ ಹೋಗುತ್ತದೆ. ನಮ್ಮ ಕಾರು ಹಳೆಯದಾದ ಹಾಗೆಲ್ಲ ನಮ್ಮ ಮನೆಯಲ್ಲಿ ಪಂಚಾಯ್ತಿ ಸೇರುತ್ತದೆ. ಎರಡು ವರ್ಷದಿಂದ ಹೀಗೇ ನಡೆದಿದೆ. ಇದರಲ್ಲಿ ನನ್ನ ತಪ್ಪೆಷ್ಟು, ಬ್ಯಾಟರಿಯ ತಪ್ಪೆಷ್ಟು ಎಂಬುದನ್ನು ಓದುವವರೇ ತೀರ್ಮಾನಿಸಲಿ. ನಮ್ಮ ಅತ್ತೆಯವರು ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ.

೧. ಅರ್ಧ ಸಲಾಮು

ನಾನು ಧಾರವಾಡದವನು. ಮನೆ ಗೋವಾದ ಪರ್ವರಿಯಲ್ಲಿ, ಕೆಲಸ ಉಸಗಾಂವದ ಒಂದು ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ. ನಡುವೆ ನಲವತ್ತು ಚಿಲ್ಲರೆ ಕಿಲೋಮೀಟರು. ಹದಿನೆಂಟು ವರ್ಷ, ಮೊದಲು ಬಸ್ಸಿನಲ್ಲಿ, ಆಮೇಲೆ ಒಂದು ಪುಟ್ಟ ಕಾರಿನಲ್ಲಿ ಓಡಾಡಿದವನಿಗೆ ನಮ್ಮ ದೊಡ್ಡ ಸಾಹೇಬರ ಕಾರು ಸಿಕ್ಕಿತು. ಅವರು ಹೊಸದು ತೆಗೆದುಕೊಂಡರು, ಹಳೆಯದು ಫ್ಯಾಕ್ಟರಿಯವರಲ್ಲೇ ಇರಲಿ ಎಂದು ನನಗೆ ದಾಟಿಸಿದರು.

ಅದು ಪ್ಲಗ್-ಇನ್ ಹೈಬ್ರಿಡ್. ಅಂದರೆ ಮನೆಯಲ್ಲಿ ಪ್ಲಗ್ಗಿಗೆ ಹಚ್ಚಿಟ್ಟರೆ ಬೆಳಿಗ್ಗೆ ಕರೆಂಟಿನ ಮೇಲೆ ಸದ್ದಿಲ್ಲದೆ ಓಡುತ್ತದೆ. ಕರೆಂಟು ತೀರಿದ ಕೂಡಲೇ ಹೇಳದೆ ಕೇಳದೆ ಪೆಟ್ರೋಲ್ ಎಂಜಿನ್ ತಾನಾಗಿಯೇ “ಹೂಂ” ಎಂದು ಚಾಲೂ ಆಗುತ್ತದೆ. ಸಾಹೇಬರ ಮನೆಯೂ ಪರ್ವರಿಯಲ್ಲೇ. ಹೊಸತರಲ್ಲಿ ಫ್ಯಾಕ್ಟರಿಯ ಗೇಟಿನ ತನಕ ಕರೆಂಟಿನ ಮೇಲೇ ಬರುತ್ತಿತ್ತು ಎಂದು ಅವರ ಡ್ರೈವರ್ ಹೇಳಿದ. ನನ್ನ ಕೈಗೆ ಬರುವಷ್ಟರಲ್ಲಿ ಬ್ಯಾಟರಿಗೆ ಅಷ್ಟು ದಮ್ಮು ಉಳಿದಿರಲಿಲ್ಲ.

ಮೊದಲ ದಿನ ಗೇಟಿಗೆ ಹೋದಾಗ ಗಾರ್ಡ್ ದೂರದಿಂದಲೇ ಕಾರು ನೋಡಿ ನೆಟ್ಟಗೆ ನಿಂತ. ಕೈ ಹಣೆಯ ಕಡೆ ಹೊರಟಿತು. ಗಾಜಿನೊಳಗೆ ನನ್ನ ಮುಖ ಕಂಡ ಕೂಡಲೇ ಕೈ ಅರ್ಧ ದಾರಿಯಲ್ಲಿ ತಿರುಗಿ ಕಿವಿ ಕೆರೆಯತೊಡಗಿತು. ಅವತ್ತಿನಿಂದ ನನಗೆ ದಿನಾಲೂ ಅರ್ಧ ಸಲಾಮು ಸಿಗುತ್ತದೆ. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಅದೂ ಸಿಕ್ಕಿರಲಿಲ್ಲ.

೨. ಉಸಿರಿಲ್ಲದ ಗಾಡಿ

ಅದೇ ವರ್ಷ ನಮ್ಮ ಅತ್ತೆ ಬಲ ಮೊಣಕಾಲಿನ ಆಪರೇಷನ್ ಮುಗಿಸಿಕೊಂಡು ಧಾರವಾಡದಿಂದ ಮಗಳ ಮನೆಗೆ ಬಂದರು. ವಾರಕ್ಕೆ ಎರಡು ಸಲ ಕಾಲಿಗೆ ವ್ಯಾಯಾಮ ಮಾಡಿಸಬೇಕು. ಪಣಜಿಯ ಒಬ್ಬ ಫಿಸಿಯೋಥೆರಪಿ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆವು. ಆಕೆಗೆ ಕೊಂಕಣಿ, ಇಂಗ್ಲಿಷು ಎರಡೇ ಬರುತ್ತಿದ್ದವು. ಅತ್ತೆ ಹತ್ತು ನಿಮಿಷದಲ್ಲಿ ಹೊರಗೆ ಬಂದರು.

“ಹುಡುಗಿ ಚಲೋ ಅದಾಳ. ಆದ್ರ ನನ್ನ ನೋವು ಕನ್ನಡದಾಗ ಐತಿ.”

ನಮ್ಮ ಅದೃಷ್ಟಕ್ಕೆ ನಮ್ಮ ಫ್ಯಾಕ್ಟರಿಯ ಗೇಟಿನ ಎದುರಿಗೇ ಧಾರವಾಡದ ಹುಡುಗಿಯೊಬ್ಬಳ ಕ್ಲಿನಿಕ್ ಇತ್ತು. ಆಕೆಯ ತಾಯಿಯೂ ಅಲ್ಲೇ ಇರುತ್ತಿದ್ದರು. ಚಿಕಿತ್ಸೆ ಅರ್ಧ ತಾಸು, ತಾಯಿಯ ಜೊತೆ ಮಾತು ದಿನವಿಡೀ. ಬೆಳಿಗ್ಗೆ ನನ್ನ ಜೊತೆ ಹೋಗುವುದು, ಸಂಜೆ ನನ್ನ ಜೊತೆ ಬರುವುದು ಎಂದಾಯಿತು.

ಮೊದಲ ದಿನ ನಾನು ಗುಂಡಿ ಒತ್ತಿದೆ. ಕಾರು ಸದ್ದಿಲ್ಲದೆ ಗೇಟು ದಾಟಿತು. ಅತ್ತೆ ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದರು.

“ಇದು ಚಾಲೂ ಆಗಿಲ್ಲಲ್ರಿ?”

“ಆಗೇತಿ ಅತ್ತಿ.”

“ಉಸಿರs ಇಲ್ಲ! ಉಸಿರಿಲ್ಲದ್ದು ಮುಂದ ಮುಂದ ಹೊಂಟೈತಿ ಅಂದ್ರ, ಅದನ್ನ ನಾಕು ಮಂದಿ ಹೊತ್ತಿರಬೇಕು.”

ಮಾಂಡವಿ ಸೇತುವೆ, ಪಣಜಿ, ಓಲ್ಡ್ ಗೋವಾ, ಫೋಂಡಾ ಎಲ್ಲ ದಾಟುವ ತನಕ ಅವರು ಸೀಟಿಗೆ ಬೆನ್ನು ಕೊಡಲಿಲ್ಲ. ಇನ್ನು ಬರುವುದಿಲ್ಲ ಎಂದು ಎರಡು ಸಲ ಹೇಳಿದರು. ಫೋಂಡಾದ ಆಚೆ ಒಂದು ಏರು ಇದೆ. ಏರಿನ ಮೇಲೆ ರಸ್ತೆಯ ಪಕ್ಕಕ್ಕೇ ಸಣ್ಣದೊಂದು ದೇವಿಯ ಗುಡಿ. ಅತ್ತೆ ಕೈ ಮುಗಿದರು. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ತೀರಿತು. ಕಾರು “ಹೂಂ” ಎಂದಿತು.

“ಜೀವ ಬಂತು!” ಎಂದರು ಅತ್ತೆ. “ದೇವಿ ಮುಂದ ಬಂದ ಕೂಡಲೇ ಜೀವ ಬಂತು ನೋಡ್ರಿ!”

“ಅತ್ತಿ, ಅದು ಬ್ಯಾಟರಿ ತೀರಿ...”

“ಗುಡಿ ಮುಂದ ಬ್ಯಾಟರಿ-ಗೀಟರಿ ಅನ್ನಬ್ಯಾಡ್ರಿ.”

ಫ್ಯಾಕ್ಟರಿಯಲ್ಲಿ ಚಾರ್ಜ್ ಮಾಡಲು ಅನುಮತಿ ಇಲ್ಲ. ಹೀಗಾಗಿ ಸಂಜೆ ಇಡೀ ದಾರಿ ಪೆಟ್ರೋಲಿನ ಮೇಲೇ ಬಂದೆವು. ಎಂಜಿನ್ ಒಂದೇ ಸಮ ಗುಂಯ್‌ಗುಡುತ್ತಿತ್ತು. ಅತ್ತೆ ಸೀಟಿಗೆ ಒರಗಿ ನೆಮ್ಮದಿಯಿಂದ ಕೂತಿದ್ದರು. “ದರ್ಶನ ಆತು. ಈಗ ಮನೀ ತನಕಾ ಜಪ ಮಾಡ್ಕೊಂತ ಹೊಂಟೈತಿ” ಎಂದರು.

೩. ಕೆಳಗಿನ ಮನೆಯವರು

ಸುದ್ದಿ ನಮ್ಮ ಕೆಳಗಿನ ಫ್ಲ್ಯಾಟಿಗೆ ಇಳಿಯಿತು. ಅಲ್ಲಿ ಬೆಳಗಾವಿಯ ಅರಿವೆ ಅಂಗಡಿಯವರ ಸಂಸಾರ. ಆ ಮನೆಯ ಯಜಮಾನಿತಿ ಕಣ್ಣಾರೆ ನೋಡಬೇಕೆಂದು ಒಂದು ದಿನ ನಮ್ಮ ಜೊತೆ ಹೊರಟರು. ಕಾರು ಮರ್ಯಾದೆ ಉಳಿಸಿತು. ಗುಡಿಯ ಬಾಗಿಲಿಗೆ ಸರಿಯಾಗಿ “ಹೂಂ.”

“ನಮ್ಮ ಡೀಸೆಲ್ ಗಾಡಿ ಹತ್ತು ವರ್ಷದಿಂದ ಬಡಕೋತೈತಿ,” ಎಂದು ಆಕೆ ನಿಟ್ಟುಸಿರು ಬಿಟ್ಟರು. “ಒಂದು ದೇವರಿಗೂ ಒಂದು ಮಾತಂದಿಲ್ಲ.”

ಮರುದಿನ ಅಂಗಡಿಯವರು ನನ್ನನ್ನು ಮೆಟ್ಟಿಲ ಹತ್ತಿರ ತಡೆದರು. “ಏನ್ರಿ, ನಿಮ್ಮ ಗಾಡಿ ಸಲವಾಗಿ ಮನ್ಯಾಗ ನನ್ನ ಕಿಮ್ಮತ್ತು ಹೋಗೇತಿ. ಏನದು ಖರೇ ಹೇಳ್ರಿ.” ನಾನು ಬ್ಯಾಟರಿಯ ವಿಷಯ ಬಿಡಿಸಿ ಹೇಳಿದೆ. ಅವರಿಗೆ ಒಂದೇ ಸಲಕ್ಕೆ ತಿಳಿಯಿತು.

“ಹಂಗಾದ್ರ ಇದನ್ನ ಬಂದು ನಮ್ಮ ಮನ್ಯಾಗ ಹೇಳ್ರಲ್ಲ.”

“ಮೊದಲ ನೀವು ನಮ್ಮ ಮನ್ಯಾಗ ಹೇಳ್ರಿ,” ಎಂದೆ.

ಆಮೇಲೆ ಅವರು ಕೆಳಗೆ ಹೋದರು, ನಾನು ಮೇಲೆ ಹೋದೆ.

೪. ಫೋನು

ಇದು ಕಾರಿನ ಸಂಗತಿ ಅಲ್ಲ, ಆದರೂ ಹೇಳಬೇಕು. ಸಾಹೇಬರ ಫೋನು ಬಂದರೆ ನಾನು ಎದ್ದು ನಿಂತೇ ಮಾತಾಡುವುದು. ರೂಢಿ. ಒಂದು ದಿನ ಊಟಕ್ಕೆ ಕೂತಾಗ ಬಂತು. ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಎದ್ದು, “ಹೂಂ ಸರ್, ಹೂಂ ಸರ್” ಎಂದೆ. ಬಡಿಸುತ್ತಿದ್ದ ತಮ್ಮ ಮಗಳನ್ನು ಅತ್ತೆ ಮೆಲ್ಲಗೆ ಕೇಳಿದರು: “ಅವ್ರಿಗೆ ಅಲ್ಲಿಂದ ಕಾಣಸ್ತೈತೇನು?”

೫. ಏರಿನ ಬುಡದಲ್ಲಿ

ಮರುವರ್ಷ ಎಡ ಮೊಣಕಾಲಿನ ಸರದಿ. ಅತ್ತೆ ಮತ್ತೆ ಬಂದರು. ಬರುತ್ತಲೇ ಕಾರಿನ ಬಾನೆಟ್ಟಿಗೆ ಕುಂಕುಮ ಹಚ್ಚಿ, “ಆರಾಮ ಐತೇನು?” ಎಂದು ಅದನ್ನೇ ವಿಚಾರಿಸಿದರು. ಅದು ಆರಾಮ ಇರಲಿಲ್ಲ. ಬ್ಯಾಟರಿ ಮತ್ತಷ್ಟು ಸೋತಿತ್ತು. ಒಬ್ಬನೇ ಓಡಾಡುವಾಗ ಎಂಜಿನ್ ಎಲ್ಲಿ ಚಾಲೂ ಆಗುತ್ತದೆ ಎಂದು ನಾನು ಗಮನಿಸಿರಲಿಲ್ಲ. ಗಮನಿಸಬೇಕಿತ್ತು.

ಗುಡಿಗಿಂತ ಒಂದೂವರೆ ಕಿಲೋಮೀಟರು ಮೊದಲು, ಏರು ಶುರುವಾಗುವಲ್ಲಿ, ಒಂದು ಬಾರ್ ಇದೆ. ಗೋವಾದಲ್ಲಿ ಬಾರ್ ಇರುವುದು ಸುದ್ದಿಯೇನಲ್ಲ. ನಮ್ಮ ಕಾರು ಅದರ ಬಾಗಿಲಿಗೆ ಬಂದು “ಹೂಂ” ಎಂದಿತು.

ಅತ್ತೆ ಸದ್ದು ಕೇಳಿದ ಕೂಡಲೇ ಕಣ್ಣು ಮುಚ್ಚಿ ಕೈ ಮುಗಿದರು. ಭಕ್ತಿಯಿಂದಲೇ ಮುಗಿದರು. ಆಮೇಲೆ ಕಣ್ಣು ತೆರೆದರು. ಎದುರಿನ ಬೋರ್ಡಿನ ಮೇಲೆ ಬಾಟಲಿಯ ಚಿತ್ರ ಇತ್ತು.

ಅವತ್ತು ಸಂಜೆ ಮನೆಗೆ ಬಂದ ಮೇಲೆ ಪಂಚಾಯ್ತಿ ಸೇರಿತು.

“ನಮ್ಮ ಓಣ್ಯಾಗ ಒಬ್ಬ ಟಾಂಗಾದವ ಇದ್ದ,” ಎಂದು ಅತ್ತೆ ಗೋಡೆಗೆ ಹೇಳಿದರು. “ಸೆರೆ ಅಂಗಡಿ ಬಂತಂದ್ರ ಅವನ ಕುದರಿ ತಾನs ನಿಲ್ಲತಿತ್ತು. ಕುದರಿ ಏನು ಕುಡೀತಿತ್ತೇನು?”

ಗೋವಾದಲ್ಲಿ ಇಷ್ಟು ವರ್ಷ ಇದ್ದು ಒಂದು ಹನಿ ಮುಟ್ಟದವನು ನಾನು. ಇದು ನನ್ನ ಹೆಂಡತಿಗೂ ಗೊತ್ತು. ಆದರೂ ಆಕೆ ಹತ್ತಿರ ಬಂದು, “ರೀ, ಒಮ್ಮೆ ಬಾಯಿ ತಗೀರಿ,” ಎಂದಳು. ತೆಗೆದೆ. ಸಂಜೆ ಕ್ಯಾಂಟೀನಿನಲ್ಲಿ ಚಹಾ ಕುಡಿದ ಮೇಲೆ ಯಾರೋ ಯಾಲಕ್ಕಿ ಕೊಟ್ಟಿದ್ದರು.

ಆಕೆ ಎರಡು ಹೆಜ್ಜೆ ಹಿಂದೆ ಸರಿದು ಕೇಳಿದಳು: “ಯಾಲಕ್ಕಿ ಯಾಕ ತಿಂದೀರಿ?”

೬. ಒಂದೂವರೆ ಕಿಲೋಮೀಟರು

“ಕುಡುಕ ಗಾಡ್ಯಾಗ ನಾ ಕೂಡಂಗಿಲ್ಲ” ಎಂದು ಅತ್ತೆ ಹಟ ಹಿಡಿದರು. ಬಸ್ಸಿನ ಮೆಟ್ಟಿಲಿಗೆ ಕಾಲು ಏಳುವುದಿಲ್ಲ. ಟ್ಯಾಕ್ಸಿ ತರಿಸುತ್ತೇನೆಂದರೆ, “ಅಳಿಯಂದ್ರ ಗಾಡಿ ಮನೀ ಮುಂದ ಇಟಗೊಂಡು ಬಾಡಿಗಿ ಗಾಡ್ಯಾಗ ಹೋದ್ರ ನೋಡಿದವ್ರು ಏನಂತಾರ?” ಎಂದರು. ಹೀಗೆ ಮೂರು ವಾರ ಹೋಯಿತು. ಕ್ಲಿನಿಕ್ಕಿನ ಹುಡುಗಿಯೇ ಫೋನು ಮಾಡಿದಳು. “ಇನ್ನ ಹದಿನೈದು ದಿನ ಬಿಟ್ರ ಮೊಣಕಾಲು ಹಂಗs ಬಿಗದು ಕೂಡ್ತೈತ್ರಿ. ಆಮ್ಯಾಲೆ ನನ್ನ ಕೈಯಾಗ ಏನೂ ಇರೂದಿಲ್ಲ.”

ಯಾರೂ ನೋಡುತ್ತಿಲ್ಲ ಎಂದುಕೊಂಡು ಅತ್ತೆ ಅಡಿಗೆಮನೆಯ ಗೋಡೆ ಹಿಡಿದು ಏಳುವುದನ್ನು ನಾನು ನೋಡಿದ್ದೆ. ನಕ್ಕು ಬಿಡುವ ಮಾತಲ್ಲ ಇದು ಎಂದು ಆಗ ಖರೇ ಹೆದರಿಕೆಯಾಯಿತು.

ಸರ್ವಿಸ್ ಸೆಂಟರಿಗೆ ಹೋದೆ. ಟೈ ಕಟ್ಟಿಕೊಂಡವರೊಬ್ಬರು ಕಾರಿಗೆ ಕಂಪ್ಯೂಟರ್ ಹಚ್ಚಿ ಒಂದು ತಾಸು ನೋಡಿದರು. ವಯಸ್ಸಾದ ಬ್ಯಾಟರಿ, ಇದು ನಾರ್ಮಲ್, ಪೆಟ್ರೋಲ್ ಎಂಜಿನ್ ಇದೆಯಲ್ಲ, ನಿಮಗೇನು ತೊಂದರೆ ಎಂದು ಹಿಂದಿಯಲ್ಲಿ ಕೇಳಿದರು.

“ನನಗೆ ಒಂದೂವರೆ ಕಿಲೋಮೀಟರು ಹೆಚ್ಚಿಗೆ ಬೇಕು. ಅಷ್ಟೇ ಸಾಕು.”

“ಒಂದೂವರೆಯೇ? ಎಲ್ಲಿಂದ ಎಲ್ಲಿಗೆ?”

“ಬಾರಿನಿಂದ ಗುಡಿಗೆ.”

ಅವರು ಪೆನ್ನಿನ ಮುಚ್ಚಳ ಹಾಕಿದರು. ಕುರ್ಚಿ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ ಹೇಳಿದರು: “ಸರ್, ಅದಕ್ಕೆ ಮನಸ್ಸು ಗಟ್ಟಿ ಮಾಡಬೇಕು. ನಮ್ಮ ತಂದೆಯವರೂ ಹಾಗೇ ಬಿಟ್ಟಿದ್ದು.”

೭. ಉಳಿತಾಯ

ಹೆಂಡತಿ ಅತ್ತೂ ಕರೆದೂ ಅವ್ವನನ್ನು ಇನ್ನೊಂದು ಸಲ ಒಪ್ಪಿಸಿದಳು. “ಆ ಜಾಗಾದಾಗ ಬಾಯಿ ಬಿಟ್ಟಿತಂದ್ರ ಅಲ್ಲೇ ಇಳದ್ಬಿಡ್ತೇನಿ” ಎಂಬುದು ಕರಾರು.

ನಾನು ಡಿಕ್ಕಿ ಖಾಲಿ ಮಾಡಿದೆ. ಟೈರುಗಳಿಗೆ ಗಾಳಿ ತುಂಬಿಸಿದೆ. ಎ.ಸಿ. ಬಂದ್. ಕಿಟಕಿ ತೆರೆದರೆ ಗಾಳಿ ಹಿಂದಕ್ಕೆ ಎಳೆಯುತ್ತದೆಂದು ಎಲ್ಲೋ ಓದಿದ್ದೆ, ಅವೂ ಬಂದ್. ಗಾಡಿ ನಲವತ್ತರ ಮೇಲೆ ಹೋಗಲಿಲ್ಲ. ಟಿಪ್ಪರಿನವರು ಹಿಂದಿನಿಂದ ಹಾರ್ನ್ ಬಡಿದು, ಮುಂದೆ ಹೋಗುವಾಗ ಕೊಂಕಣಿಯಲ್ಲಿ ನನ್ನ ವಂಶ ವಿಚಾರಿಸಿದರು. ಬಾರ್ ಬಂತು. ಇಬ್ಬರೂ ಉಸಿರು ಹಿಡಿದೆವು. ಕಾರು ಬಾಯಿ ಬಿಡದೆ ದಾಟಿತು. ಗುಡಿಯ ಮುಂದೆ “ಹೂಂ.” ಅತ್ತೆಗೆ ಕಣ್ಣಲ್ಲಿ ನೀರು ಬಂತು. ಬೆವರಿನಲ್ಲಿ ಅದು ಬೇರೆ ಕಾಣಲಿಲ್ಲ. ಕ್ಲಿನಿಕ್ಕಿನಲ್ಲಿ ಆ ಹುಡುಗಿ ಇಬ್ಬರನ್ನೂ ಫ್ಯಾನಿನ ಕೆಳಗೆ ಕೂರಿಸಿ, ಮೊದಲು ನನ್ನ ಬಿ.ಪಿ. ನೋಡಿದಳು.

ಹೀಗೆ ಪ್ರತಿ ಸಲ ಬೇಯಲು ಆಗುವುದಿಲ್ಲ. ಕಾರಿನಲ್ಲಿ ಇನ್ನೊಂದು ಗುಂಡಿ ಇದೆ. ಒತ್ತಿದರೆ ಮೊದಲೇ ಎಂಜಿನ್ ಓಡಿ, ಚಾರ್ಜು ಮುಂದಕ್ಕೆ ಉಳಿಯುತ್ತದೆ. ಮುಂದಿನ ಸಲ ಮನೆಯಿಂದ ಹೊರಡುತ್ತಲೇ ಒತ್ತಿದೆ. “ಹೂಂ” ಎಂದಿತು. ಅತ್ತೆ ಕನ್ನಡಕ ಸರಿಮಾಡಿಕೊಂಡು ಎರಡೂ ಕಡೆಯ ಕಿಟಕಿಯಿಂದ ಹೊರಗೆ ನೋಡಿದರು.

“ಇಲ್ಲಿ ಎಲ್ಲೈತಿ ಬಾರು?”

ದುರದೃಷ್ಟಕ್ಕೆ ಅಲ್ಲಿ ಎರಡಿದ್ದವು.

೮. ಹೊಸ ಜೀವ

ಕೊನೆಗೆ ಮಡಗಾಂವದ ಕಡೆಯ ಒಬ್ಬ ಮೆಕ್ಯಾನಿಕ್ ಸಿಕ್ಕ. ಬ್ಯಾಟರಿ ಬಿಚ್ಚಿ, ಸೋತ ಸೆಲ್ಲುಗಳನ್ನೆಲ್ಲ ತೆಗೆದು, ಬೇರೆಯವನ್ನು ಕೂರಿಸಿದ. ನಾಲ್ಕು ದಿನದ ಕೆಲಸ. “ಆತಾಂ ನವಿ ಜಾಲಿ ಸಾಯ್ಬಾ,” ಎಂದ. ಈಗ ಹೊಸದಾಯಿತು ಎಂದು. ನಾನು ಅವನ ಕೈ ಕುಲುಕಿದೆ. ಹೊಸದಾದರೆ ಏನಾಗುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ಆಗ ಇರಲಿಲ್ಲ.

ಒಂದು ದಿನದ ವ್ಯಾಯಾಮ ಸಾಲದು ಎಂದಿದ್ದಳು ಕ್ಲಿನಿಕ್ಕಿನ ಹುಡುಗಿ; ಆಕೆ ಕೊಟ್ಟ ಹದಿನೈದು ದಿನದಲ್ಲಿ ಎರಡೇ ದಿನ ಉಳಿದಿದ್ದವು. ಗಾಡಿ ರಿಪೇರಿ ಆಯಿತೆಂದು ಒಪ್ಪಿಸಿ, ಅತ್ತೆಯನ್ನು ಕೂರಿಸಿಕೊಂಡು ಹೊರಟೆ. ಎ.ಸಿ. ತಣ್ಣಗೆ ಬರುತ್ತಿತ್ತು. ಫೋಂಡಾ ದಾಟಿತು. ಬಾರ್ ಬಂತು. ಕಾರು ಅದರ ಕಡೆ ತಿರುಗಿಯೂ ನೋಡದಂತೆ ಹೋಯಿತು. “ಚಟ ಬಿಟ್ಟೈತಿ,” ಎಂದು ಅತ್ತೆ ತಲೆದೂಗಿದರು. ನನಗೂ ಎದೆ ಹಗುರಾಯಿತು.

ಏರು ಹತ್ತಿದೆವು. ಗುಡಿ ಕಂಡಿತು. ಅತ್ತೆ ಸೆರಗು ಸರಿಮಾಡಿಕೊಂಡು ಕೈ ಮುಗಿದು ಕಾದರು. ಕಾರು ಸದ್ದಿಲ್ಲದೆ ಗುಡಿಯನ್ನೂ ದಾಟಿ ಹೋಯಿತು.

ನಾನು ಮೀಟರು ನೋಡಿದೆ. ಇನ್ನೂ ಬೇಕಾದಷ್ಟು ಕರೆಂಟಿತ್ತು. ಅತ್ತೆಯ ಕೈಗಳು ಇನ್ನೂ ಮುಗಿದೇ ಇದ್ದವು. ಅವರು ಕುತ್ತಿಗೆ ತಿರುಗಿಸಿ ಹಿಂದಾದ ಗುಡಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಮನಸ್ಸಿನಲ್ಲೇ ಆ ಮೆಕ್ಯಾನಿಕ್ಕಿಗೆ ಏನೇನೋ ಅಂದೆ.

ಹಾಗೇ ಉಸಗಾಂವ ಬಂತು. ಫ್ಯಾಕ್ಟರಿಯ ಗೇಟು ಬಂತು. ದೊಡ್ಡ ಸಾಹೇಬರು ಅವತ್ತು ಗೇಟಿನಲ್ಲೇ ನಿಂತು ಗಾರ್ಡಿನ ಜೊತೆ ಏನೋ ಮಾತಾಡುತ್ತಿದ್ದರು. ಎದುರಿನ ಕ್ಲಿನಿಕ್ಕಿನ ಕಡೆ ತಿರುಗಿಸಲೆಂದು ನಾನು ಗಾಡಿ ನಿಧಾನ ಮಾಡಿದೆ. ಸರಿಯಾಗಿ ಅಲ್ಲಿ, ಸಾಹೇಬರಿಗೆ ಹತ್ತು ಮಾರು ಇರುವಾಗ, ಕರೆಂಟು ತೀರಿತು.

“ಹೂಂ.”

ಅದರ ಹಿಂದೆಯೇ ನಾನೂ ಸೀಟಿನಿಂದ ಅರ್ಧ ಎದ್ದಿದ್ದೆ. ಬೆಲ್ಟು ಎಳೆದು ಕೂರಿಸಿತು.

ಸಾಹೇಬರು ಕೈ ಬೀಸಿ ಒಳಗೆ ಹೋದರು. ನಾನು ಕ್ಲಿನಿಕ್ಕಿನ ಮುಂದೆ ಗಾಡಿ ನಿಲ್ಲಿಸಿದೆ. ಅತ್ತೆ ತಮ್ಮ ಊರುಗೋಲು ಸೀಟಿನಲ್ಲೇ ಮರೆತು, ಸಿಟ್ಟಿನ ಭರದಲ್ಲಿ ಬಾಗಿಲು ತೆರೆದು ಇಳಿದರು. ಎಡಗಾಲು ನೆಲಕ್ಕೆ ಗಟ್ಟಿಯಾಗಿ ಊರಿತ್ತು. ಬಾನೆಟ್ಟು ಸುತ್ತಿ ನನ್ನ ಕಿಟಕಿಯ ಹತ್ತಿರ ಬಂದು, ಸಾಹೇಬರು ಹೋದ ಗೇಟನ್ನೂ ನನ್ನ ಬೆಲ್ಟನ್ನೂ ನೋಡಿದರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಆದರೆ ಅವರ ದನಿಯಲ್ಲಿ ಸಿಟ್ಟು ಇಳಿದು ಮರುಕ ಬಂದಿತ್ತು.

“ಅಳಿಯಂದ್ರ, ಕುಡಿಯೂ ಚಟ ಆಗಿದ್ರ ಹೆಂಗರೆ ಮಾಡಿ ಬಿಡಿಸಬಹುದಿತ್ರಿ.”